ಹುಲ್ಲು ಸತ್ತರೆ ಪಾರ್ಥೇನಿಯಂಗೆ ಹಬ್ಬ

ರಸ್ತೆಬದಿಯ ಪಾರ್ಥೇನಿಯಂ ಬಗ್ಗೆ ನಮ್ಮಲ್ಲಿರುವ ನಂಬಿಕೆಗಳಲ್ಲಿ ತೀರಾ ದುಬಾರಿಯಾದದ್ದು ಇದು: ಎಲ್ಲವನ್ನೂ ಸುಡುವ ಔಷಧಿಯೇ ಒಳ್ಳೆಯ ಔಷಧಿ. ಗ್ಲೈಫೊಸೇಟ್ ಹೊಡೆದು ಎರಡು ವಾರ ಬಿಟ್ಟು ನೋಡಿದರೆ ಚರಂಡಿಯಿಂದ ಬೇಲಿಯವರೆಗೆ ಎಲ್ಲವೂ ಒಣಗಿ ನಿಂತಿರುತ್ತದೆ. ಕೆಲಸ ಚೆನ್ನಾಗಿ ಆಯಿತು ಎನ್ನುತ್ತಾರೆ, ಬಿಲ್ಲೂ ಪಾಸಾಗುತ್ತದೆ. ಕಾಂಗ್ರೆಸ್ ಗಿಡದ ಜೊತೆಗೆ ಒಣಗಿದ ಗರಿಕೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗ್ಲೈಫೊಸೇಟ್ ಒಳಹೋಗುವುದು ಹಸಿರೆಲೆಯಿಂದ. ನೆಲಕ್ಕೆ ಬಿದ್ದದ್ದು ಮಣ್ಣಿನ ಕಣಕ್ಕೆ ಅಂಟಿಕೊಂಡು ಕೈಕಾಲು ಕಟ್ಟಿದಂತಾಗುತ್ತದೆ. ಹಾಗಾಗಿ ಮಣ್ಣಿನಲ್ಲಿರುವ ಬೀಜದ ಕೂದಲೂ ಕೊಂಕುವುದಿಲ್ಲ. ಚೆನ್ನಾಗಿ ಬೆಳೆದ ಒಂದೇ ಗಿಡ 10,000ಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಅದರಲ್ಲಿ ಹೂತುಹೋದವು ವರ್ಷಗಟ್ಟಲೆ ಜೀವ ಹಿಡಿದು ಕಾಯುತ್ತವೆ. ಅವುಗಳ ಮೇಲಿದ್ದ ನೆರಳನ್ನೂ ಪಕ್ಕದಲ್ಲಿ ಪೈಪೋಟಿ ನಡೆಸುತ್ತಿದ್ದ ಬೇರನ್ನೂ ತೆಗೆದುಹಾಕಿದ ಮೇಲೆ, ಬಿತ್ತನೆಗೆ ನೆಲ ಹಸನು ಮಾಡಿಕೊಟ್ಟಂತೆಯೇ ಸರಿ. ಗರಿಕೆ ಹಾಗೆಲ್ಲ ಸಾಯುವುದಿಲ್ಲ, ಮತ್ತೆ ಚಿಗುರುತ್ತದೆ ಎನ್ನುವವರಿದ್ದಾರೆ. ಚಿಗುರಬಹುದು. ಅದು ಚೇತರಿಸಿಕೊಂಡು ಹರಡುವ ಹೊತ್ತಿಗೆ, ಒಂದು ಮಳೆಗೆ ಮೊಳೆತ ಪಾರ್ಥೇನಿಯಂ ತಿಂಗಳು ಒಂದೂವರೆ ತಿಂಗಳಲ್ಲೇ ಹೂ ಬಿಟ್ಟಿರುತ್ತದೆ. ಆಗ ಮತ್ತೆ ಟೆಂಡರು, ಮತ್ತೆ ಅದೇ ಔಷಧಿ.

ಹುಲ್ಲನ್ನು ಉಳಿಸಿ ಅಗಲ ಎಲೆಯ ಕಳೆಯನ್ನು ಮಾತ್ರ ಕೊಲ್ಲುವ 2,4-ಡಿ ಬಳಕೆಗೆ ಬಂದದ್ದು 1940ರ ದಶಕದಲ್ಲಿ. ಕಬ್ಬು, ಜೋಳದ ಹೊಲದವರಿಗೆ ಅದು ಹೊಸದಲ್ಲ. ಹುಲ್ಲಿನ ಗರಿ ಸಣ್ಣದು, ಔಷಧಿ ಜಾರಿಹೋಗುತ್ತದೆ, ಅದಕ್ಕೇ ಹುಲ್ಲು ಸಾಯುವುದಿಲ್ಲ ಎಂಬ ವಿವರಣೆ ಅರ್ಧ ಸತ್ಯ. ಒಳಹೊಕ್ಕ ಔಷಧಿಯನ್ನು ಹುಲ್ಲು ಅರಗಿಸಿಕೊಳ್ಳುತ್ತದೆ. ಅಗಲ ಎಲೆಯ ಗಿಡಕ್ಕೆ ಅದು ಸಾಧ್ಯವಿಲ್ಲ. ಬೆಳವಣಿಗೆಯ ಹಾರ್ಮೋನಿನ ವೇಷ ಹಾಕಿ ಬಂದ ಈ ವಿಷಕ್ಕೆ ಅದರ ಕಾಂಡ ತಿರುಚಿಕೊಂಡು ಸಾಯುತ್ತದೆ. ಇದು ಎಳೆಯ ಗಿಡಕ್ಕೆ ಹೊಡೆಯಬೇಕಾದ ಔಷಧಿ. ಬಿಳಿ ಹೂ ತುಂಬಿದ ಮೇಲೆ ಪಂಪು ಹೊತ್ತು ಹೊರಟರೆ ಅದಕ್ಕಿಂತ ಬೀಜವೇ ಮುಂದಿರುತ್ತದೆ.

ಇಷ್ಟು ಹೇಳುತ್ತಲೇ ಬರುವ ಆಕ್ಷೇಪ ವಿಯೆಟ್ನಾಮಿನದು: ಯುದ್ಧದಲ್ಲಿ ಅಮೆರಿಕ ಅಲ್ಲಿನ ಕಾಡುಗಳ ಮೇಲೆ ಸುರಿದ ಏಜೆಂಟ್ ಆರೆಂಜ್ ಅಂದರೆ ಇದೇ ಅಲ್ಲವೇ? ಅರ್ಧ ಮಾತ್ರ. ಇನ್ನರ್ಧ 2,4,5-ಟಿ, ಅಲ್ಲಿನ ಜನರನ್ನು ಇಂದಿಗೂ ಕಾಡುತ್ತಿರುವ ಡಯಾಕ್ಸಿನ್ ಬಂದದ್ದು ಆ ಅರ್ಧದಿಂದ. ಹಾಗೆಂದು 2,4-ಡಿ ಸಾಧುವಲ್ಲ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಅದನ್ನು ಕ್ಯಾನ್ಸರ್ ತರಬಹುದಾದವುಗಳ ಗುಂಪಿಗೆ ಸೇರಿಸಿತು. ಅದೇ ವರ್ಷ ಗ್ಲೈಫೊಸೇಟನ್ನು ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ಗುಂಪಿನಲ್ಲಿಟ್ಟಿತು. ಗ್ಲೈಫೊಸೇಟ್ ಹೊಡೆಯುವ ಕೆಲಸವನ್ನು ಕೀಟ ನಿಯಂತ್ರಣ ನಿರ್ವಾಹಕರಿಗಷ್ಟೇ ಸೀಮಿತಗೊಳಿಸಿ 2022ರಲ್ಲಿ ಕೇಂದ್ರ ಸರ್ಕಾರ ಆದೇಶ ಹೊರಡಿಸಿದ್ದೂ ಉಂಟು. 2,4-ಡಿ ವಿಷಯದಲ್ಲಿ ನಿಜವಾಗಿ ಹೆದರಬೇಕಾದದ್ದು ಗಾಳಿಗೆ. ಹತ್ತಿ, ದ್ರಾಕ್ಷಿ, ಟೊಮೆಟೊ ಅದರ ಸೋಂಕಿಗೇ ಮುದುಡುತ್ತವೆ, ನಮ್ಮ ರಸ್ತೆಗಳ ಪಕ್ಕದಲ್ಲಿರುವುದೂ ಅವೇ. ವಿಯೆಟ್ನಾಂ ನೆನೆದು ನಡುಗುವವರು ಬೀಸುಗಾಳಿಯಲ್ಲಿ ಪಂಪು ಹಿಡಿದವನನ್ನು ತಡೆದು ಒಂದು ಮಾತು ಕೇಳುವುದಿಲ್ಲ.

ಇನ್ನು ಉಪ್ಪುನೀರು. ಶೇ. 20ರ ದ್ರಾವಣಕ್ಕೆ ಪಾರ್ಥೇನಿಯಂ ಒಣಗುವುದು ನಿಜ. ಆದರೆ ಎಕರೆಗೆ 200 ಲೀಟರ್ ಹೊಡೆದರೆ ನೆಲಕ್ಕೆ ಸುರಿದದ್ದು 40 ಕಿಲೊ ಉಪ್ಪು. ಅದು ಕರಗುತ್ತದೆ, ಕೊಳೆಯುವುದಿಲ್ಲ. ಅಡುಗೆಮನೆಯಿಂದ ಬಂದದ್ದೆಲ್ಲ ನಿರಪಾಯ, ಅಂಗಡಿಯಿಂದ ಬಂದದ್ದರಲ್ಲಿ ಖಾರವಾದದ್ದೇ ಪರಿಣಾಮಕಾರಿ ಎಂಬ ಎರಡು ನಂಬಿಕೆಗಳೂ ಒಂದೇ ತಲೆಯೊಳಗೆ ಜಗಳವಿಲ್ಲದೆ ಬಾಳುವುದು ಸೋಜಿಗ. ಸೂಜಿ ಚುಚ್ಚದವನು ಡಾಕ್ಟರೇ ಅಲ್ಲ ಎನ್ನುವ ಮನಸ್ಸೇ ಒಣಗಿದ ರಸ್ತೆಬದಿ ನೋಡಿ ಸಮಾಧಾನಪಡುವುದು. ಕಣ್ಣಿಗೆ ಏನಾದರೂ ಆದದ್ದು ಕಾಣಬೇಕು, ಅಷ್ಟೆ. ಮೂರು ತಿಂಗಳ ನಂತರ ಅದೇ ಜಾಗಕ್ಕೆ ಹೋಗಿ ನೋಡುವ ವ್ಯವಧಾನ ಯಾರಿಗೂ ಇಲ್ಲ.

2,4-ಡಿ ಪರವಾಗಿ ಇಷ್ಟು ವಾದಿಸಿದ ಮೇಲೆ ಅದರ ಒಂದು ಕುಂದನ್ನೂ ಒಪ್ಪಬೇಕು. ಮಳೆಗಾಲದಲ್ಲಿ ಪಾರ್ಥೇನಿಯಂ ಅನ್ನು ತಾನಾಗಿಯೇ ಹಿಂದಕ್ಕೆ ತಳ್ಳುವ ತಗಚೆಯೂ ಅಗಲ ಎಲೆಯದೇ, ತುಂಬೆಯೂ ಅಷ್ಟೇ. ಔಷಧಿಗೆ ಇವುಗಳ ನಡುವೆ ಭೇದವಿಲ್ಲ. ತಗಚೆ ದಟ್ಟವಾಗಿ ಎದ್ದಿರುವ ಕಡೆ ಪಂಪನ್ನು ಕೆಳಗಿಟ್ಟು, ನಡುವೆ ತಲೆಯೆತ್ತಿದ ಪಾರ್ಥೇನಿಯಂ ಅನ್ನು ಹೂ ಬಿಡುವ ಮೊದಲೇ ಕೈಗವಸು ಹಾಕಿಕೊಂಡು ಕಿತ್ತರೆ ಸಾಕು. ನೆಲ ಹಸಿಯಿರುವಾಗ ಬೇರುಸಹಿತ ಬರುತ್ತದೆ.