ಹಾಲಿನ ಕ್ಯಾನು ಮತ್ತು ಮೋಟಾರ್ ಸೈಕಲ್ಲಿನ ಸ್ಪ್ರಿಂಗು

40 ಲೀಟರು ಹಾಲೆಂದರೆ ಸುಮಾರು 41 ಕಿಲೋ. ಅದನ್ನು ಹಿಂದೆ ಕಟ್ಟಿದಾಗ ಗಾಡಿಯ ಹಿಂಭಾಗ ಕುಸಿಯುತ್ತದೆ. ದೀಪದ ಬೆಳಕು ದಾರಿ ಬಿಟ್ಟು ಮರದ ಮೇಲೆ ಬೀಳುತ್ತದೆ, ಮುಂದಿನ ಚಕ್ರ ಹಗುರಾಗುತ್ತದೆ. ಬೀಜದ ಚೀಲ ಹೇರಿಕೊಂಡು ಹೋಗಿ ನಾನೇ ಒಮ್ಮೆ ಗದ್ದೆಗಿಳಿದಿದ್ದೇನೆ.

ಶಾಕ್ ಅಬ್ಸಾರ್ಬರಿನಲ್ಲಿ ಭಾರ ಹೊರುವುದು ಸ್ಪ್ರಿಂಗು. ಒಳಗಿನ ಎಣ್ಣೆ ಸಣ್ಣ ರಂಧ್ರಗಳಲ್ಲಿ ನುಸುಳುತ್ತ ಅದರ ಕುಣಿತವನ್ನು ಅಡಗಿಸುತ್ತದೆ. ಸ್ಪ್ರಿಂಗಿನ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾದ ಬಳೆಯಿದ್ದರೆ, ಭಾರ ಹೇರುವ ಮೊದಲು ಡಬಲ್ ಸ್ಟ್ಯಾಂಡ್ ಹಾಕಿ, ಕೊಕ್ಕೆಯಾಕಾರದ ಪಾನಾದಿಂದ ಒಂದೆರಡು ಮೆಟ್ಟಿಲು ಏರಿಸಿರಿ. ಎರಡೂ ಕಡೆ ಸಮನಾಗಿರಲಿ. ಇದರಿಂದ ಸ್ಪ್ರಿಂಗು ಬಲವಾಗದು, ಕುಸಿಯುವ ಹಿಂಭಾಗ ಮೇಲೆ ನಿಲ್ಲುತ್ತದೆ, ಅಷ್ಟೆ. ಮಿತಿಮೀರಿ ಹೇರಲು ಅಪ್ಪಣೆಯಲ್ಲ. ಕ್ಯಾನು ಇಳಿಸಿದ ಮೇಲೆ ಮೊದಲಿನಂತೆ ಮಾಡಿರಿ, ಇಲ್ಲವಾದರೆ ಸೊಂಟಕ್ಕೆ ಕಷ್ಟ. ಕೊಳವೆಯ ಮೇಲೆ ಎಣ್ಣೆ ಒಸರಿದ್ದರೆ ಬಳೆ ತಿರುಗಿಸಿ ಫಲವಿಲ್ಲ. ಮೆಕ್ಯಾನಿಕ್ಕಿನ ಬಳಿ ಒಯ್ಯಿರಿ.