ದೇಶನೂರಿನ ಮಠವೂ ಯೋಹಾನನ ಸುವಾರ್ತೆಯೂ



ಬೈಲಹೊಂಗಲವೆಂದೊಡನೆ ನಮಗೆ ಕಿತ್ತೂರ ರಾಣಿ ಚೆನ್ನಮ್ಮನ ಸಮಾಧಿಯೂ, ಸವದತ್ತಿಯೆಂದೊಡನೆ ಎಲ್ಲಮ್ಮನ ಗುಡ್ಡವೂ ನೆನಪಿಗೆ ಬರುತ್ತವೆ. ಮಲಪ್ರಭೆ ಹರಿಯುವ ಈ ಸೀಮೆ ಶರಣರ ಮಾತುಗಳನ್ನು ಕೇಳಿ ಬೆಳೆದ ಸೀಮೆ. ಇಲ್ಲಿ ಮಠಗಳಿಗೆ ಕೊರತೆಯಿಲ್ಲ. ಆದರೆ ಬೈಲಹೊಂಗಲದ ಕಡೆಯ ದೇಶನೂರೆಂಬ ಗ್ರಾಮದಲ್ಲಿರುವ ಒಂದು ವಿರಕ್ತ ಮಠ ಮಾತ್ರ ಉಳಿದವುಗಳಂತಲ್ಲ. ಅದು ಕ್ರೈಸ್ತರ ಮಠ. ಅದರ ಹೆಸರು ಸ್ನಾನಿಕ ಅರುಳಪ್ಪನವರ ವಿರಕ್ತ ಮಠ.

ಇದನ್ನು ನೆಲೆಗೊಳಿಸಿದವರು ಯೇಸುಸಭೆಯ ಗುರುಗಳಾದ ಆರ್ಮಾಂಡೊ ಆಲ್ವಾರಿಸರು. ಇವರು ಗೋವೆಯವರು, ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಇಲ್ಲಿಗೆ ಬಂದು ಅನಿಮಾನಂದ ಸ್ವಾಮಿಗಳೆನಿಸಿದರು. ಕಾವಿಯನ್ನು ಉಟ್ಟರು, ಮಾಂಸಾಹಾರವನ್ನು ಬಿಟ್ಟರು, ವಿರಕ್ತರ ಬಾಳನ್ನು ಬಾಳಿದರು. ಅಲ್ಲಿಯ ದೇವಾಲಯವೂ ನಮ್ಮ ಗುಡಿಗಳ ರೀತಿಯದು.

ಹೆಸರಿನ ವಿಷಯದಲ್ಲಿ ಒಂದು ಮಾತು. ಅರುಳಪ್ಪನೆಂದರೆ ಯೋಹಾನನೆ. ಹೀಬ್ರೂ ಭಾಷೆಯ ಆ ನಾಮಕ್ಕೆ ದೇವರು ಕೃಪಾಳುವೆಂದು ಅರ್ಥ. ತಮಿಳಿನಲ್ಲಿ ‘ಅರುಳ್’ ಎಂದರೆ ಕೃಪೆ. ಹಳೆಯ ಕಥೋಲಿಕ ಗುರುಗಳು ಹೆಸರಿನ ಉಚ್ಚಾರವನ್ನು ಬಿಟ್ಟು ಅರ್ಥವನ್ನು ಉಳಿಸಿಕೊಂಡರು. ಸ್ನಾನಿಕನೆಂದರೆ ಯೊರ್ದನ್ ನದಿಯಲ್ಲಿ ಜನರಿಗೆ ಸ್ನಾನದೀಕ್ಷೆಯನ್ನು ಕೊಟ್ಟವನು. ಸುವಾರ್ತೆಗೆ ಹೆಸರು ಕೊಟ್ಟ ಯೋಹಾನನು ಬೇರೆ, ಈತನು ಬೇರೆ. ಆದರೆ ಈತನ ಮಾತುಗಳು ಆ ಸುವಾರ್ತೆಯಲ್ಲಿ ಹೇರಳವಾಗಿವೆ.

ಆ ಗ್ರಂಥದ ಮೊದಲ ಅಧ್ಯಾಯದ ಪ್ರತಿಪಾದನೆ ಧೀರವಾದುದು. ಆದಿಯಿಂದ ದೇವರಲ್ಲಿದ್ದ ವಾಕ್ಕು ಮನುಷ್ಯದೇಹವನ್ನು ತಳೆದು ಜನರ ನಡುವೆ ನೆಲಸಿತಂತೆ. ನೆಲಸಿತೆಂಬುದಕ್ಕೆ ಗ್ರೀಕ್ ಮೂಲದಲ್ಲಿರುವ ಪದದಲ್ಲಿ ಡೇರೆ ಹಾಕಿತೆಂಬ ಭಾವವಿದೆ. ಡೇರೆ ಹಾಕುವವನಿಗೆ ಒಂದು ನೆಲ ಬೇಕು. ಆ ನೆಲದ ಗಾಳಿ, ಬಿಸಿಲು, ನೆರೆಹೊರೆ ಎಲ್ಲವೂ ಅವನ ಪಾಲಿಗೆ ಬರುತ್ತವೆ. ಇದನ್ನು ನಂಬಿದವನು ಎರೆಭೂಮಿಯ ಜೋಳದ ಸೀಮೆಗೆ ಬಂದಾಗ, ಅಲ್ಲಿಯ ಜನ ಪೂಜ್ಯವೆಂದು ಬಗೆದ ವೇಷದಲ್ಲಿ ಬಾಳಲು ಬಯಸಿದರೆ ಆಶ್ಚರ್ಯವೇನು?

ಆದರೆ ವೇಷವು ಗೌರವವೊ, ಮರೆವೇಷವೊ ಎಂಬ ಸಂಶಯ ಉಭಯ ಪಕ್ಷದಲ್ಲಿಯೂ ಏಳುವುದು ಸಹಜ. ಅದನ್ನು ನಾನು ಅಲ್ಲಗಳೆಯಲಾರೆ. ಈ ಪದ್ಧತಿ ಹೊಸದೂ ಅಲ್ಲ. 1606ರಲ್ಲಿ ಮಧುರೆಗೆ ಬಂದ ರಾಬರ್ಟ್ ದೆ ನೊಬಿಲಿ ಸಂನ್ಯಾಸಿಯಂತೆ ಬಾಳಿದನು. ನಮ್ಮ ಶ್ರೀರಂಗಪಟ್ಟಣದ ಕಡೆಗೆ 1649ರಲ್ಲಿ ಬಂದ ಲಿಯೊನಾರ್ಡೊ ಚಿನ್ನಾಮಿಯದೂ ಅದೇ ಹಾದಿ. ನೊಬಿಲಿಯ ಪಾಂಡಿತ್ಯ ಅಸಾಮಾನ್ಯವಾದುದು. ಆದರೂ ಉಚ್ಚಕುಲದವರ ಮನ್ನಣೆಗಾಗಿ ಆತನು ಅಲ್ಲಿ ಮೊದಲೇ ಇದ್ದ ಮೀನುಗಾರ ಕ್ರೈಸ್ತರಿಂದ ದೂರವಾಗಿ ಉಳಿದನು. ಕಾವಿಯೊಡನೆ ಮಡಿಯೂ ಬಂದಿತು. ಮುಂದೆ ತಮಿಳುನಾಡಿನ ವಡಕ್ಕನ್‌ಕುಳದಲ್ಲಿ ದೇವಾಲಯದೊಳಗೇ ಜಾತಿಯ ಗೋಡೆಯೆದ್ದಿತು. ಅದು ಬಿದ್ದುದು 1910ರಲ್ಲಿ.

ಬೆಳಗಾವಿ ಜಿಲ್ಲೆಯಲ್ಲಿ ಇನ್ನೊಂದು ಹಾದಿಯೂ ಇದ್ದಿತು. 1820ರಲ್ಲಿ ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ ಆರಂಭಿಸಿದ ಕಾರ್ಯವು 1904ರ ಹೊತ್ತಿಗೆ ಮೆಥೋಡಿಸ್ಟರ ಕೈಸೇರಿತು. ಇವರು ಕಾವಿಯುಡಲಿಲ್ಲ, ಇವರ ಕರೆಗೆ ಓಗೊಟ್ಟವರಲ್ಲಿ ಬಹುಮಂದಿ ಊರ ಹೊರಗಿನ ಕೇರಿಗಳವರು. ಪರದೇಶದ ಕೋಟನ್ನು ತೊಟ್ಟವನು ಕೇರಿಗೆ ಹೋದನು, ಸ್ವದೇಶದ ಕಾವಿಯನ್ನುಟ್ಟವನಿಗೆ ಅಗ್ರಹಾರವೇ ಗುರಿಯಾಯಿತು ಎಂದು ಯಾರಾದರೂ ಟೀಕಿಸಿದರೆ, ನೊಬಿಲಿಯ ಮಟ್ಟಿಗಾದರೂ ಉತ್ತರ ಹೇಳುವುದು ಕಷ್ಟ.

ಇಲ್ಲಿ ಅದೇ ಸುವಾರ್ತೆಯ ನಾಲ್ಕನೆಯ ಅಧ್ಯಾಯವು ನಮ್ಮನ್ನು ಎದುರಿಸುತ್ತದೆ. ಸಮಾರ್ಯದವರನ್ನು ಯೆಹೂದ್ಯರು ಕೀಳೆಂದು ಕಾಣುತ್ತಿದ್ದರು. ನಡುಹಗಲು, ಬಳಲಿದ ಯೇಸುಸ್ವಾಮಿಯು ಯಾಕೋಬನ ಬಾವಿಯ ಬಳಿ ಕುಳಿತು, ನೀರಿಗೆ ಬಂದ ಸಮಾರ್ಯದ ಹೆಣ್ಣುಮಗಳನ್ನು ಕುಡಿಯಲು ನೀರು ಬೇಡುತ್ತಾನೆ. ಬೆರಗಾಗುವವಳು ಆಕೆ. ಗಮನಿಸಬೇಕು, ಇಲ್ಲಿ ಕೊಡುವವನಾಗಿ ಅಲ್ಲ, ಬೇಡುವವನಾಗಿ ಆತನು ಮಾತನ್ನು ತೆಗೆದನು. ಜೀವಜಲದ ಬೋಧೆ ಆಮೇಲಿನದು. ನಮ್ಮ ನಾಡಿನಲ್ಲಿ ಬಾವಿಯ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ. ಬೆಳಗಾವಿಯೂ ಸೇರಿದ್ದ ಮುಂಬಯಿ ಪ್ರಾಂತದಲ್ಲಿಯೇ, ಮಹಾಡದ ಕೆರೆಯ ನೀರನ್ನು ಮುಟ್ಟುವುದಕ್ಕಾಗಿ ಡಾಕ್ಟರ್ ಅಂಬೇಡ್ಕರರು 1927ರಲ್ಲಿ ಸಾವಿರಾರು ಜನರೊಡನೆ ನಡೆಯಬೇಕಾಯಿತು. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿದ ಮೇಲೂ ಕೇರಿಯ ನೀರು, ಊರಿನ ನೀರು ಎಂಬ ಮಾತು ನಮ್ಮ ಹಳ್ಳಿಗಳಿಂದ ಪೂರ್ತಿ ಅಳಿದಿಲ್ಲ.

ಆದುದರಿಂದ ದೇಶನೂರಿನ ಮಠದಂಥ ಪ್ರಯತ್ನವನ್ನು ಬಟ್ಟೆಯ ಬಣ್ಣದಿಂದ ಅಳೆಯುವುದು ನನಗೆ ಸರಿತೋರದು. ವಿರಕ್ತರ ಆದರ್ಶವನ್ನು ಪಡೆದವರು ಶರಣರ ಸಹಪಂಕ್ತಿಯನ್ನೂ ಪಡೆದರೆ? ಕಾಯಕ ದಾಸೋಹಗಳನ್ನು ಸಾರಿದ ಶರಣರೂ ಕುಲವನ್ನು ಎಣಿಸಬಾರದೆಂದೇ ಹೊರಟವರು. ಅವರ ಹೆಸರಿನ ಮಠಗಳಿಗೂ ಇದೇ ಪ್ರಶ್ನೆ ಸಲ್ಲುತ್ತದೆ. ಸ್ನಾನಿಕನ ನಡತೆಯಾದರೂ ಹೇಗಿತ್ತು? ಜನರೆಲ್ಲ ಯೇಸುವಿನ ಕಡೆಗೆ ಹೋಗುತ್ತಿದ್ದಾರೆಂದು ಶಿಷ್ಯರು ಕಳವಳಪಟ್ಟಾಗ ಆತನು ಹರ್ಷಪಟ್ಟನು. ತಾನು ಮದುವಣಿಗನಲ್ಲ, ಮದುವಣಿಗನ ಗೆಳೆಯನಷ್ಟೆ ಎಂಬುದು ಆತನ ಭಾವ. ತನ್ನ ಮತದ, ತನ್ನ ಮಠದ ಜನಸಂಖ್ಯೆಯನ್ನು ಎಣಿಸುವ ಈ ಕಾಲದಲ್ಲಿ ಅಂಥ ಹರ್ಷ ಸುಲಭವಲ್ಲ.

ಬಾವಿಯ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಆ ಹೆಣ್ಣುಮಗಳು ಕೊಡವನ್ನು ಅಲ್ಲಿಯೇ ಬಿಟ್ಟು ಊರಿಗೆ ಓಡಿ ಜನರನ್ನು ಕರೆತಂದಳು. ಅವರು ತಮ್ಮಲ್ಲಿ ತಂಗಬೇಕೆಂದು ಕೇಳಿಕೊಂಡರು, ಯೇಸುಸ್ವಾಮಿಯು ಎರಡು ದಿನ ಅಲ್ಲಿ ಉಳಿದನು. ಎರಡು ದಿನ ಉಳಿದವನು ಅವರ ಮನೆಗಳಲ್ಲಿ ಉಂಡಿರಲೇಬೇಕು.