ಭಾನುವಾರ ಓಡದ ಓಟಗಾರ

ಚಿನ್ನದ ಪದಕ ಕೈಗೆಟಕುವಂತಿರುವಾಗ, ಭಾನುವಾರ ಓಡುವುದಿಲ್ಲವೆಂದು ಪಟ್ಟು ಹಿಡಿಯುವವರುಂಟೇ? ಸ್ಕಾಟ್ಲೆಂಡಿನ ಎರಿಕ್ ಲಿಡೆಲ್ ಹಿಡಿದರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನೂರು ಮೀಟರ್ ಓಟದ ಮೊದಲ ಸುತ್ತು ಬಿದ್ದದ್ದು ಭಾನುವಾರ. ಅದು ದೇವರ ದಿನವೆಂದು ನಂಬಿ ಬೆಳೆದವರು, ಮಿಷನರಿ ದಂಪತಿಗಳ ಮಗ. ತಿಂಗಳುಗಳ ಮೊದಲೇ ವೇಳಾಪಟ್ಟಿ ತಿಳಿದು, ನಾನೂರು ಮೀಟರಿಗೆ ಅಭ್ಯಾಸ ಮಾಡಿದರು. 47.6 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದೇಬಿಟ್ಟರು!

ಆದರೆ ನನಗೆ ದೊಡ್ಡದಾಗಿ ಕಾಣೋದು ಮುಂದಿನ ಕತೆ. ಮರುವರ್ಷವೇ ಆ ಕೀರ್ತಿಯನ್ನೆಲ್ಲ ಬಿಟ್ಟು, ತಾವು ಹುಟ್ಟಿದ ಚೀನಾಕ್ಕೆ ಮೇಷ್ಟರಾಗಿ ಹೋದರು. 1941ರಲ್ಲಿ ಯುದ್ಧದ ಭಯ ಹೆಚ್ಚಿದಾಗ ಬಸುರಿ ಹೆಂಡತಿ ಫ್ಲಾರೆನ್ಸರನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕೆನಡಾಕ್ಕೆ ಕಳಿಸಿದರು. ಮೂರನೆಯ ಮಗಳ ಮುಖವನ್ನು ಅವರು ನೋಡಲೇ ಇಲ್ಲ. ಆ ತಾಯಿಯ ಪಾಡು ನೆನೆಸಿಕೊಳ್ಳಿ!

1943ರಲ್ಲಿ ಜಪಾನೀಯರು ಇವರನ್ನು ವೈಶಿಯನ್ ಶಿಬಿರದಲ್ಲಿ ಕೂಡಿಹಾಕಿದರು. ಅಪ್ಪ-ಅಮ್ಮನಿಂದ ದೂರವಾದ ಮಕ್ಕಳು ಅಲ್ಲಿ ಬಹಳ ಮಂದಿ. ಅವರಿಗೆ ಪಾಠ ಹೇಳುವುದು, ಆಟ ಆಡಿಸುವುದು ಇವರ ಕೆಲಸ. ಒಂದು ಭಾನುವಾರ ಅಂಪೈರ್ ಇಲ್ಲದೆ ಹಾಕಿ ಆಡಿದ ಮಕ್ಕಳು ಬಡಿದಾಡಿಕೊಂಡರಂತೆ. ಮುಂದೆ ಭಾನುವಾರವೂ ಇವರೇ ಅಂಪೈರ್ ಆದರು! ಒಲಿಂಪಿಕ್ಸಿಗೂ ಮುರಿಯದ ನೇಮ ಮಕ್ಕಳಿಗಾಗಿ ಸಡಿಲಿತು.

1945ರ ಫೆಬ್ರವರಿ 21ರಂದು, 43ರ ಪ್ರಾಯದಲ್ಲಿ, ಮಿದುಳಿನ ಗಡ್ಡೆಯಿಂದ ಶಿಬಿರದಲ್ಲೇ ತೀರಿಕೊಂಡರು. ಫ್ಲಾರೆನ್ಸರಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಎರಡು ತಿಂಗಳು ಕಳೆದಿತ್ತು.